ಹತ್ತು ಟನ್ ಹಿಮ, ಎಪ್ಪತ್ತೈದು ವ್ಯಾಟ್ ಮನುಷ್ಯ
ಸೈಕಲ್ ದಾರಿಯ ಹಿಮ ಸರಿಸುವ ಸಾಧನದ ಮೂಲಕ ಭೌತಶಾಸ್ತ್ರದ ಒಂದು ಪಾಠ



ಪ್ರಥಮ ಪಿಯುಸಿಯಲ್ಲಿ ಚಲನೆಯ ನಿಯಮಗಳು ಒಂದು ಅಧ್ಯಾಯ, ಕೆಲಸ-ಶಕ್ತಿ-ಸಾಮರ್ಥ್ಯ ಇನ್ನೊಂದು ಅಧ್ಯಾಯ, ಉಷ್ಣದ ಗುಣಗಳು ಮತ್ತೊಂದು. ಪರೀಕ್ಷೆಯಲ್ಲೂ ಇವುಗಳಿಂದ ಬೇರೆ ಬೇರೆ ಪ್ರಶ್ನೆಗಳು ಬರುತ್ತವೆ. ಆದರೆ ಒಂದು ಸಾಧನವನ್ನು ನಿಜವಾಗಿ ಮಾಡಲು ಕುಳಿತರೆ ಈ ಅಧ್ಯಾಯಗಳೆಲ್ಲ ಒಂದೇ ಹಾಳೆಯ ಮೇಲೆ ಬಂದು ಸೇರುತ್ತವೆ. ಅದನ್ನು ತೋರಿಸಲು ನಾನು ಈ ಸಲ ದೂರದ ಉದಾಹರಣೆಯೊಂದನ್ನು ಆರಿಸಿಕೊಂಡಿದ್ದೇನೆ. ಚಳಿದೇಶಗಳಲ್ಲಿ ಸೈಕಲ್ ದಾರಿಯ ಮೇಲೆ ಬಿದ್ದ ಹಿಮವನ್ನು ಎಂಜಿನ್ ಇಲ್ಲದೆ, ಮನುಷ್ಯರೇ ಎಳೆದು ಸರಿಸುವ ನೇಗಿಲು ಅದು.

ನಮ್ಮೂರಿನಲ್ಲಿ ಹಿಮ ಬೀಳುವುದಿಲ್ಲ. ಹಾಗಿದ್ದೂ ಇದನ್ನು ಆರಿಸಿದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಇದರ ಲೆಕ್ಕವೆಲ್ಲ ನಿಮ್ಮ ಪಠ್ಯಪುಸ್ತಕದೊಳಗೇ ಇದೆ. ಹೊರಗಿನ ಒಂದು ಸೂತ್ರವೂ ಬೇಡ. ಎರಡನೆಯದು, ನಿಮ್ಮಲ್ಲಿ ಕೆಲವರು ಮುಂದೆ ಓದಲು ಕೆನಡಾ, ಜರ್ಮನಿ, ಫಿನ್ಲೆಂಡ್ ಕಡೆಗೆ ಹೋಗಬಹುದು. ಅಲ್ಲಿ ಕೈಯಲ್ಲಿ ಕಾರಿಲ್ಲದ ವಿದ್ಯಾರ್ಥಿಗೆ ಚಳಿಗಾಲದ ಬೆಳಿಗ್ಗೆ ಈ ವಿಷಯ ಪಠ್ಯವಾಗಿ ಉಳಿಯುವುದಿಲ್ಲ, ಕ್ಲಾಸಿಗೆ ಹೋಗುವ ದಾರಿಯೇ ಆಗಿರುತ್ತದೆ.

ಯಾರ ದಾರಿ ಮೊದಲು?

ಫಿನ್ಲೆಂಡಿನ ಔಲು ನಗರ ಸುಮಾರು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷದಲ್ಲಿ ಹಲವು ತಿಂಗಳು ನೆಲದ ಮೇಲೆ ಹಿಮ ಇರುತ್ತದೆ. ಆದರೂ ಜನ ಚಳಿಗಾಲದಲ್ಲೂ ಸೈಕಲ್ ತುಳಿಯುತ್ತಾರೆ, ಮಕ್ಕಳು ಸೈಕಲ್ ಮೇಲೆಯೇ ಶಾಲೆಗೆ ಹೋಗುತ್ತಾರೆ. 2013ರಲ್ಲಿ ಚಳಿಗಾಲದ ಸೈಕಲ್ ಸಂಚಾರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಅದೇ ಊರಿನಲ್ಲಿ. ಅಲ್ಲಿನ ಜನಕ್ಕೆ ಚಳಿ ತಾಗುವುದಿಲ್ಲ ಎಂದು ಇದರ ಅರ್ಥವಲ್ಲ. ಅಲ್ಲಿ ಸೈಕಲ್ ದಾರಿಯ ಹಿಮವನ್ನು ಹೊತ್ತಿಗೆ ಸರಿಯಾಗಿ ತೆಗೆಯುತ್ತಾರೆ.

ಎಲ್ಲ ಊರುಗಳಲ್ಲೂ ಹೀಗಿಲ್ಲ. ಅನೇಕ ನಗರಗಳಲ್ಲಿ ಮೊದಲು ಕಾರು ಓಡುವ ದೊಡ್ಡ ರಸ್ತೆ, ಆಮೇಲೆ ಸಣ್ಣ ರಸ್ತೆ, ಕೊನೆಗೆ ಉಳಿದ ಸಮಯದಲ್ಲಿ ಕಾಲುದಾರಿ ಮತ್ತು ಸೈಕಲ್ ದಾರಿ ಎಂಬ ಕ್ರಮ ಇದೆ. ಸ್ವೀಡನ್ನಿನ ಕಾರ್ಲ್‌ಸ್ಕೂಗ ಎಂಬ ಪಟ್ಟಣದಲ್ಲೂ ಹಾಗೆಯೇ ಇತ್ತು. ಅಲ್ಲಿನ ಆಡಳಿತ ತನ್ನ ಕೆಲಸಗಳೆಲ್ಲ ಗಂಡಸರಿಗೂ ಹೆಂಗಸರಿಗೂ ಸಮನಾಗಿ ತಲುಪುತ್ತವೆಯೇ ಎಂದು ಪರಿಶೀಲಿಸಿದಾಗ, ಹಿಮ ತೆಗೆಯುವ ಕ್ರಮವೂ ಪರಿಶೀಲನೆಗೆ ಬಂತು. ಕಾರಿನಲ್ಲಿ ಹೋಗುವವರಲ್ಲಿ ಗಂಡಸರು ಹೆಚ್ಚು. ನಡೆದು, ಬಸ್ಸು ಹತ್ತಿ, ಮಗುವಿನ ಗಾಡಿ ತಳ್ಳಿಕೊಂಡು ಹೋಗುವವರಲ್ಲಿ ಹೆಂಗಸರು ಹೆಚ್ಚು. ಕೆಲವು ಅಂಗುಲ ಹಿಮದಲ್ಲಿ ಕಾರು ಓಡಿಸುವುದಕ್ಕಿಂತ ಮಗುವಿನ ಗಾಡಿಯನ್ನೋ ಗಾಲಿಕುರ್ಚಿಯನ್ನೋ ಸೈಕಲನ್ನೋ ನೂಕುವುದು ಕಷ್ಟ. ಹೀಗಾಗಿ ಅವರು ಕ್ರಮವನ್ನು ತಿರುಗಿಸಿ ಕಾಲುದಾರಿ ಮತ್ತು ಸೈಕಲ್ ದಾರಿಗಳನ್ನು ಮೊದಲು ತೆಗೆಯಲು ಆರಂಭಿಸಿದರು.

ದಾರಿಯಲ್ಲಿರುವ ತೊಂದರೆಯನ್ನು ಸರಿಸುವುದನ್ನು ಪ್ರವಾದಿ ಮುಹಮ್ಮದ್ (ಸ) ಅವರು ಈಮಾನಿನ ಶಾಖೆಗಳಲ್ಲಿ ಎಣಿಸಿದ್ದಾರೆ, ಅದನ್ನು ಸದಕಾ ಎಂದೂ ಕರೆದಿದ್ದಾರೆ. ನಾವು ಸಾಮಾನ್ಯವಾಗಿ ಇದನ್ನು ಕಲ್ಲು, ಮುಳ್ಳಿಗೆ ಹೇಳುತ್ತೇವೆ. ಹಿಮವೂ ಹಾಗೆಯೇ ಒಂದು ತೊಂದರೆ. ದೊಡ್ಡ ಯಂತ್ರ ಬರದ ದಾರಿಯಲ್ಲಿ ನೆರೆಹೊರೆಯವರೇ ಸೇರಿ ಈ ಕೆಲಸ ಮಾಡುವುದಾದರೆ, ಅವರ ಕೈಯಲ್ಲಿರುವ ಸಾಧನ ಹೇಗಿರಬೇಕು ಎಂಬುದೇ ನಮ್ಮ ಪ್ರಶ್ನೆ.

ಹೆಸರು ನೇಗಿಲು, ಕೆಲಸ ಹಲಗೆಯದು

ಇಂಗ್ಲಿಷಿನಲ್ಲಿ ಇದಕ್ಕೆ ಸ್ನೋ ಪ್ಲೋ ಎನ್ನುತ್ತಾರೆ. ನೇಗಿಲು ಎಂಬ ಹೆಸರಿದ್ದರೂ ಇದು ನೆಲವನ್ನು ಉಳುವುದಿಲ್ಲ. ಗದ್ದೆಯ ಕೆಸರನ್ನು ಮಟ್ಟ ಮಾಡಲು ಎತ್ತಿಗೆ ಕಟ್ಟಿ ಎಳೆಸುವ ಹಲಗೆಯನ್ನು ನೀವು ನೋಡಿರಬಹುದು. ಅದಕ್ಕೆ ಇದು ಹತ್ತಿರದ ನೆಂಟ. ಗದ್ದೆಯ ಹಲಗೆ ಅಡ್ಡಲಾಗಿ ನಿಂತು ಕೆಸರನ್ನು ಮುಂದಕ್ಕೆ ದೂಡುತ್ತದೆ. ಹಿಮದ ಹಲಗೆ ಓರೆಯಾಗಿ ನಿಂತು ಹಿಮವನ್ನು ಬದಿಗೆ ಜಾರಿಸುತ್ತದೆ. ಎರಡು ಹಲಗೆಗಳ ಮೂತಿಗಳನ್ನು ಕೂಡಿಸಿ ದೋಣಿಯ ಮುಂಭಾಗದಂತೆ ಮಾಡಿದರೆ ಹಿಮ ಎಡಕ್ಕೂ ಬಲಕ್ಕೂ ಸೀಳಿಹೋಗುತ್ತದೆ. ಎಂಜಿನ್ ಬರುವ ಮೊದಲು ಇಂಥ ನೇಗಿಲುಗಳನ್ನು ಕುದುರೆಗಳು ಎಳೆಯುತ್ತಿದ್ದವು. ಅಮೆರಿಕದ ಮಿಲ್ವಾಕಿ ನಗರದಲ್ಲಿ 1862ರಲ್ಲೇ ಬೀದಿಯ ಹಿಮ ತೆಗೆಯಲು ಕುದುರೆ ನೇಗಿಲನ್ನು ಬಳಸಿದ್ದರು.

ಕುದುರೆಯ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸಿದರೆ ಏನಾಗುತ್ತದೆ? ಒಂದು ಅಶ್ವಸಾಮರ್ಥ್ಯ ಎಂದರೆ 746 ವ್ಯಾಟ್. ಮನುಷ್ಯ ಹೊತ್ತು ಹೊತ್ತು ಬಿಡದೆ ಕೊಡಬಲ್ಲದ್ದು ಸುಮಾರು 75 ವ್ಯಾಟ್, ಅಂದರೆ ಕುದುರೆಯ ಹತ್ತರಲ್ಲೊಂದು ಪಾಲು. ಕೆಲವು ಸೆಕೆಂಡುಗಳ ಮಟ್ಟಿಗೆ ಇದರ ಹಲವು ಪಟ್ಟು ಕೊಡಬಹುದು, ಆದರೆ ಒಂದು ಕಿಲೋಮೀಟರ್ ದಾರಿ ಕೆಲವು ಸೆಕೆಂಡುಗಳಲ್ಲಿ ಮುಗಿಯುವುದಿಲ್ಲ. ಹಾಗಾಗಿ ಈ 75 ವ್ಯಾಟನ್ನು ನಮ್ಮ ಬಜೆಟ್ ಎಂದು ತಿಳಿಯಿರಿ. ಮುಂದಿನದೆಲ್ಲ ಆ ಬಜೆಟ್ಟಿನೊಳಗೆ ಸಂಸಾರ ತೂಗಿಸುವ ಲೆಕ್ಕ.

ಹಿಮ ಎಷ್ಟು ಭಾರ?

ಆಗಷ್ಟೇ ಬಿದ್ದ ಒಣ ಹಿಮದಲ್ಲಿ ಹೆಚ್ಚಿನ ಭಾಗ ಗಾಳಿ. ಅದರ ಸಾಂದ್ರತೆ ಘನ ಮೀಟರಿಗೆ ಸುಮಾರು 50ರಿಂದ 100 ಕೆ.ಜಿ. ಒಂದೆರಡು ದಿನ ಕುಳಿತು ಒತ್ತಿಕೊಂಡ ಹಿಮ 200ರಿಂದ 300 ಕೆ.ಜಿ. ತೂಗುತ್ತದೆ. ನೀರು ಹಿಡಿದ ಒದ್ದೆ ಹಿಮ 400 ಕೆ.ಜಿ.ಯನ್ನೂ ದಾಟಬಹುದು. ಗಟ್ಟಿ ಮಂಜುಗಡ್ಡೆ 917 ಕೆ.ಜಿ.

ನಮ್ಮ ಲೆಕ್ಕಕ್ಕೆ 1 ಮೀಟರ್ ಅಗಲದ ಪಟ್ಟಿ, 10 ಸೆಂಟಿಮೀಟರ್ ಆಳ, ಘನ ಮೀಟರಿಗೆ 100 ಕೆ.ಜಿ. ಎಂದು ಇಟ್ಟುಕೊಳ್ಳೋಣ. ದಾರಿಯ ಪ್ರತಿ ಮೀಟರ್ ಉದ್ದಕ್ಕೆ:

1 × 0.1 × 100 = 10 ಕೆ.ಜಿ.

ಒಂದು ಕಿಲೋಮೀಟರಿಗೆ 10,000 ಕೆ.ಜಿ., ಅಂದರೆ ಹತ್ತು ಟನ್. ಹತ್ತಿಯಂತೆ ಹಗುರ ಕಾಣುವ ಹಿಮ, ಬರೀ ಒಂದು ಮೀಟರ್ ಅಗಲದ ಪಟ್ಟಿಯಲ್ಲಿ, ಒಂದು ಲಾರಿ ಲೋಡಾಗುತ್ತದೆ.

ಕರಗಿಸಿದರೆ? ಎತ್ತಿ ಹಾಕಿದರೆ?

ಹಿಮ ತೆಗೆಯುವುದು ಎಂದ ಕೂಡಲೇ ನಮ್ಮ ಕಡೆಯವರಿಗೆ ಮೊದಲು ಹೊಳೆಯುವುದು ಕರಗಿಸುವುದು. ಅದರ ಖರ್ಚು ನೋಡೋಣ. ಹಿಮದ ಉಷ್ಣತೆ ಆಗಲೇ ಸೊನ್ನೆ ಡಿಗ್ರಿಯಲ್ಲಿದೆ ಎಂದುಕೊಂಡರೂ, ಕರಗಲು ಬೇಕಾದ ಗುಪ್ತೋಷ್ಣ ಪ್ರತಿ ಕೆ.ಜಿ.ಗೆ 3,34,000 ಜೌಲ್. ಹತ್ತು ಟನ್ನಿಗೆ:

10,000 × 3,34,000 = 334 ಕೋಟಿ ಜೌಲ್

ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೌಲ್. ಭಾಗಿಸಿದರೆ ಸುಮಾರು 928 ಯೂನಿಟ್ ಬರುತ್ತದೆ. ನಮ್ಮ ಗೃಹಜ್ಯೋತಿ ಯೋಜನೆಯ ತಿಂಗಳ ಗರಿಷ್ಠ ಮಿತಿ 200 ಯೂನಿಟ್. ಒಂದು ಮನೆ ನಾಲ್ಕೂವರೆ ತಿಂಗಳು ಆ ಮಿತಿಯ ತುದಿಯವರೆಗೂ ಬಳಸುವ ವಿದ್ಯುತ್ತು ಒಂದು ಕಿಲೋಮೀಟರ್ ಪಟ್ಟಿಗೆ, ಒಂದು ಸಲದ ಹಿಮಕ್ಕೆ ಮುಗಿದುಹೋಗುತ್ತದೆ. ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ಕಾಲುದಾರಿಗಳ ಕೆಳಗೆ ಬಿಸಿನೀರಿನ ಕೊಳವೆ ಹಾಕಿರುವುದು ನಿಜ. ಅಲ್ಲಿ ಭೂಗರ್ಭದ ಬಿಸಿನೀರು ಮನೆಗಳನ್ನು ಬೆಚ್ಚಗಿಟ್ಟ ಮೇಲೆ ಉಳಿಯುವ ಶಾಖ ಅದಕ್ಕೆ ಸಿಗುತ್ತದೆ. ಹಾಗೆ ಸಿಗದ ಊರಿಗೆ ಇದು ದಾರಿಯಲ್ಲ.

ಇನ್ನು ಸಲಿಕೆ. ಒಂದು ಸಲಿಕೆಗೆ 4 ಕೆ.ಜಿ. ಹಿಮ ಬಂದರೆ ಹತ್ತು ಟನ್ನಿಗೆ 2,500 ಸಲ ಬಗ್ಗಿ ಏಳಬೇಕು. ಹಿಮವನ್ನು 70 ಸೆಂಟಿಮೀಟರ್ ಎತ್ತಲು ಪ್ರತಿ ಸಲ ಸುಮಾರು 27 ಜೌಲ್ ಸಾಕು, 2 ಕೆ.ಜಿ.ಯ ಸಲಿಕೆಗೆ 14 ಜೌಲ್. ಆದರೆ ಅದರ ಜೊತೆಗೆ ನಮ್ಮ ಮೈಯ ಮೇಲರ್ಧವನ್ನೂ ಎತ್ತುತ್ತೇವೆ. 30 ಕೆ.ಜಿ.ಯನ್ನು 30 ಸೆಂಟಿಮೀಟರ್ ಎತ್ತಲು 88 ಜೌಲ್. ಹಿಮಕ್ಕಾಗುವ ಖರ್ಚಿಗಿಂತ ನಮ್ಮನ್ನೇ ಎತ್ತಿಕೊಳ್ಳುವ ಖರ್ಚು ಮೂರು ಪಟ್ಟು! ಒಟ್ಟು ಪ್ರತಿ ಸಲಕ್ಕೆ 129 ಜೌಲ್, 2,500 ಸಲಕ್ಕೆ ಮೂರು ಲಕ್ಷ ಇಪ್ಪತ್ತೆರಡು ಸಾವಿರ ಜೌಲ್. ಚಳಿಯಲ್ಲಿ ಭಾರದ ಹಿಮವನ್ನು ಸಲಿಕೆಯಿಂದ ಎತ್ತುವುದು ಹೃದಯದ ತೊಂದರೆ ಇರುವವರಿಗೆ ಅಪಾಯ ಎಂದು ವೈದ್ಯರು ಎಚ್ಚರಿಸುವುದೂ ಇದೇ ಕೆಲಸದ ಬಗ್ಗೆ.

ಸಾರಾಂಶ ಇಷ್ಟು: ಹಿಮ ಎಲ್ಲಿಗೂ ಏರಬೇಕಾಗಿಲ್ಲ, ನೀರೂ ಆಗಬೇಕಾಗಿಲ್ಲ. ಅದು ಅರ್ಧ ಮೀಟರ್ ಬದಿಗೆ ಹೋದರೆ ಸಾಕು. ಬೇಕಾದಷ್ಟನ್ನೇ ಮಾಡುವ ಸಾಧನವೇ ಒಳ್ಳೆಯ ಸಾಧನ.

ಎಳೆಯಲು ಎಷ್ಟು ಬಲ ಬೇಕು?

ನೇಗಿಲನ್ನು ಸೆಕೆಂಡಿಗೆ 1 ಮೀಟರಿನಂತೆ, ನಿಧಾನ ನಡಿಗೆಯಲ್ಲಿ ಎಳೆಯೋಣ. ಬಲದ ಖರ್ಚು ಮೂರು ಕಡೆ ಆಗುತ್ತದೆ.

ಒಂದು, ನಿಂತಿದ್ದ ಹಿಮಕ್ಕೆ ಚಲನೆ ಕೊಡಲು. ಸೆಕೆಂಡಿಗೆ 10 ಕೆ.ಜಿ. ಹಿಮ ಹಲಗೆಗೆ ಬಂದು ತಾಗುತ್ತದೆ. ಅದು ನೇಗಿಲಿನ ವೇಗವನ್ನೇ ಪಡೆಯುತ್ತದೆ ಎಂದು ತಿಳಿದರೆ, ಸಂವೇಗದ ಬದಲಾವಣೆಯ ದರ 10 × 1 = 10 ನ್ಯೂಟನ್. ಇದು ನ್ಯೂಟನ್ನನ ಎರಡನೆಯ ನಿಯಮ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗಮನಿಸಿ, ಏಕೆಂದರೆ ಸೆಕೆಂಡಿಗೆ ಬರುವ ಹಿಮವೂ ಎರಡು ಪಟ್ಟು, ಅದಕ್ಕೆ ಕೊಡುವ ವೇಗವೂ ಎರಡು ಪಟ್ಟು.

ಎರಡು, ಹಿಮವನ್ನು ಹಿಮದ ಮೇಲೆಯೇ ಉಜ್ಜಿ ಬದಿಗೆ ಸರಿಸಲು. ಘರ್ಷಣಾ ಗುಣಾಂಕವನ್ನು 0.4 ಎಂದೂ ಸರಾಸರಿ ಸರಿಯುವ ದೂರವನ್ನು ಅರ್ಧ ಮೀಟರ್ ಎಂದೂ ಇಟ್ಟುಕೊಳ್ಳಿ. ಪ್ರತಿ ಮೀಟರಿಗೆ ಕೆಲಸ 10 × 9.8 × 0.4 × 0.5, ಅಂದರೆ ಸುಮಾರು 20 ಜೌಲ್. ಮೀಟರಿಗೆ 20 ಜೌಲ್ ಎಂದರೆ 20 ನ್ಯೂಟನ್ ಬಲ.

ಮೂರು, ನೇಗಿಲು ನೆಲವನ್ನು ಕೆರೆಯುವ ಘರ್ಷಣೆ. ನೇಗಿಲಿನ ತೂಕ ಭಾರ ಸೇರಿಸಿ 15 ಕೆ.ಜಿ., ಗುಣಾಂಕ 0.3 ಎಂದಾದರೆ 15 × 9.8 × 0.3, ಅಂದರೆ ಸುಮಾರು 44 ನ್ಯೂಟನ್.

ಒಟ್ಟು 74 ನ್ಯೂಟನ್. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಾಮರ್ಥ್ಯ 74 ವ್ಯಾಟ್. ಬಜೆಟ್ 75! ಅಂದರೆ 10 ಸೆಂಟಿಮೀಟರ್ ಒಣ ಹಿಮವನ್ನು 1 ಮೀಟರ್ ಅಗಲದಲ್ಲಿ ಎಳೆದು ಸರಿಸುವುದು ಒಬ್ಬರಿಗೆ ಸಾಧ್ಯ, ಆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಿಲೋಮೀಟರಿಗೆ ಸುಮಾರು 17 ನಿಮಿಷ, 74,000 ಜೌಲ್. ಸಲಿಕೆಯ ಖರ್ಚಿನ ಕಾಲು ಭಾಗಕ್ಕೂ ಕಡಿಮೆ, ಕರಗಿಸುವ ಖರ್ಚಿನ ನಲವತ್ತೈದು ಸಾವಿರದಲ್ಲಿ ಒಂದು ಪಾಲು. ನಮ್ಮ ಸ್ನಾಯುಗಳು ತಿಂದ ಆಹಾರದ ಶಕ್ತಿಯ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಬದಲಿಸುತ್ತವೆ. ಅದನ್ನು ಸೇರಿಸಿದರೂ ಎಳೆತದ ಖರ್ಚು ಒಂದು ಬಾಳೆಹಣ್ಣಿನ ಶಕ್ತಿಯೊಳಗೇ ಬರುತ್ತದೆ. ನಡೆಯುವ ಶ್ರಮ ಬೇರೆ. ಅದಕ್ಕೇ ಇಬ್ಬರು ಸರದಿಯಂತೆ ಎಳೆಯುವುದು ಒಳ್ಳೆಯದು.

ಈ ಮೂರು ಖರ್ಚುಗಳಲ್ಲಿ ಅತಿ ದೊಡ್ಡದು ಯಾವುದು ನೋಡಿ. ಹಿಮದ್ದಲ್ಲ, ನೇಗಿಲಿನದೇ ಘರ್ಷಣೆ. ‘ಗಟ್ಟಿಮುಟ್ಟಾಗಿರಲಿ’ ಎಂದು ಕಬ್ಬಿಣದ ತಗಡಿನಲ್ಲಿ 40 ಕೆ.ಜಿ.ಯ ನೇಗಿಲು ಮಾಡಿದರೆ ಕೆರೆತವೊಂದಕ್ಕೇ 118 ನ್ಯೂಟನ್ ಬೇಕು. ಹಿಮ ಬೀಳುವ ಮೊದಲೇ ಬಜೆಟ್ ಮುಗಿಯಿತು. ಗರಗಸ ಕೈಗೆತ್ತಿಕೊಳ್ಳುವ ಮೊದಲು ಪೆನ್ಸಿಲ್ ಹಿಡಿಯಬೇಕು ಎಂದು ನಾನು ತರಗತಿಯಲ್ಲಿ ಹೇಳುವುದು ಇದಕ್ಕೇ.

ಶಕ್ತಿ ಮುಗಿಯುವ ಮೊದಲು ಕಾಲು ಜಾರುತ್ತದೆ

ಇನ್ನೊಂದು ಮಿತಿ ಇದೆ, ಅದನ್ನು ಬಹಳ ಜನ ಮರೆಯುತ್ತಾರೆ. ನಾವು ನೇಗಿಲನ್ನು ಮುಂದಕ್ಕೆ ಎಳೆಯಬೇಕಾದರೆ ನೆಲ ನಮ್ಮನ್ನು ಮುಂದಕ್ಕೆ ತಳ್ಳಬೇಕು. ಆ ತಳ್ಳುವಿಕೆ ಘರ್ಷಣೆಯಿಂದ ಬರುತ್ತದೆ. ಒತ್ತಿಹೋದ ಹಿಮದ ಮೇಲೆ ಬೂಟಿನ ಘರ್ಷಣಾ ಗುಣಾಂಕ 0.2 ಎಂದರೆ, 60 ಕೆ.ಜಿ.ಯ ವ್ಯಕ್ತಿಗೆ ಸಿಗುವ ಗರಿಷ್ಠ ಬಲ 60 × 9.8 × 0.2, ಸುಮಾರು 118 ನ್ಯೂಟನ್. ನುಣುಪಾದ ಮಂಜುಗಡ್ಡೆಯಾಗಿದ್ದು ಗುಣಾಂಕ 0.1ಕ್ಕೆ ಇಳಿದರೆ 59 ನ್ಯೂಟನ್ ಮಾತ್ರ. ಎಷ್ಟೇ ಬಲಶಾಲಿ ಪೈಲ್ವಾನ ಬಂದರೂ ಈ ಮಿತಿ ಮೀರಿದ ಕ್ಷಣ ಕಾಲು ಜಾರುತ್ತದೆ. ಅದಕ್ಕೇ ಅಲ್ಲಿನವರು ಬೂಟಿನ ಅಡಿಗೆ ಸಣ್ಣ ಉಕ್ಕಿನ ಮುಳ್ಳುಗಳನ್ನು ಕಟ್ಟಿಕೊಳ್ಳುತ್ತಾರೆ.

ಈಗ ಒದ್ದೆ ಹಿಮವನ್ನು ತೆಗೆದುಕೊಳ್ಳಿ. ಸಾಂದ್ರತೆ 400, ಆಳ ಅದೇ 10 ಸೆಂಟಿಮೀಟರ್. ಪ್ರತಿ ಮೀಟರಿಗೆ 40 ಕೆ.ಜಿ. ಹಳೆಯ ವೇಗದಲ್ಲೇ ಎಳೆದರೆ 40, 78, 44 ಸೇರಿ 162 ನ್ಯೂಟನ್, 162 ವ್ಯಾಟ್. ಬಜೆಟ್ಟಿನ ಎರಡು ಪಟ್ಟು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಸಂವೇಗದ ಪಾಲು 10ಕ್ಕೆ ಇಳಿದು ಒಟ್ಟು 132 ನ್ಯೂಟನ್ ಆಗುತ್ತದೆ, ಸಾಮರ್ಥ್ಯ 66 ವ್ಯಾಟ್. ಬಜೆಟ್ಟಿನೊಳಗೆ ಬಂತು ಎಂದು ಸಂತೋಷಪಡುವಂತಿಲ್ಲ, ಏಕೆಂದರೆ 132 ನ್ಯೂಟನ್ ಎಂದರೆ ಕಾಲು ಜಾರುವ ಮಿತಿಯಾದ 118ಕ್ಕಿಂತ ಹೆಚ್ಚು. ನಿಧಾನ ಮಾಡಿದರೆ ಸಾಮರ್ಥ್ಯ ಉಳಿಯುತ್ತದೆ, ಬಲ ಅಷ್ಟಾಗಿ ಉಳಿಯುವುದಿಲ್ಲ. ಬಲಕ್ಕೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಪರಿಹಾರ ಸುಲಭ. ಹಿಮ ಪೂರ್ತಿ ಬಿದ್ದು ಮುಗಿಯಲಿ ಎಂದು ಕಾಯದೆ, 5 ಸೆಂಟಿಮೀಟರ್ ಆದಾಗ ಒಮ್ಮೆ, ಮತ್ತೆ 5 ಆದಾಗ ಇನ್ನೊಮ್ಮೆ ಎಳೆಯುವುದು. ಆಗ ಪ್ರತಿ ಸಲ 88 ನ್ಯೂಟನ್ ಸಾಕು. ಒಟ್ಟು ಕೆಲಸ ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಕೆಲಸ ಆಗುತ್ತದೆ.

ನೇಗಿಲನ್ನು ಸೈಕಲ್ಲಿಗೇ ಕಟ್ಟಬಾರದೇ ಎಂದು ನೀವು ಕೇಳಬಹುದು. ಸೈಕಲ್ಲಿನಲ್ಲಿ ನೆಲವನ್ನು ತಳ್ಳುವುದು ಹಿಂದಿನ ಚಕ್ರ ಮಾತ್ರ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಇದ್ದು ಅದರಲ್ಲಿ 44 ಕೆ.ಜಿ. ಹಿಂದಿನ ಚಕ್ರದ ಮೇಲಿದ್ದರೆ ಸಿಗುವ ಬಲ 86 ನ್ಯೂಟನ್. ಜೊತೆಗೆ ಸೈಕಲ್ ಬೀಳದೆ ನಿಲ್ಲಲು ಒಂದಿಷ್ಟು ವೇಗ ಬೇಕು, ವೇಗ ಹೆಚ್ಚಿದರೆ ಸಂವೇಗದ ಖರ್ಚು ವರ್ಗವಾಗಿ ಏರುತ್ತದೆ. ಎರಡು ಸೆಂಟಿಮೀಟರಿನ ಪುಡಿ ಹಿಮಕ್ಕೆ ಹಗುರ ಹಲಗೆಯ ಸೈಕಲ್ ನೇಗಿಲು ಸರಿ. ಹತ್ತು ಸೆಂಟಿಮೀಟರಿಗೆ ಇಳಿದು ನಡೆಯುವುದೇ ಸರಿ.

ಹಲಗೆಯ ಕೋನ

ಹಲಗೆ ಚಲನೆಯ ದಿಕ್ಕಿಗೆ ಎಷ್ಟು ಓರೆಯಾಗಿರಬೇಕು? ತೀರಾ ಅಡ್ಡವಾಗಿದ್ದರೆ ಹಿಮ ಬದಿಗೆ ಜಾರದೆ ಮುಂದೆಯೇ ರಾಶಿಯಾಗುತ್ತದೆ. ಹಲಗೆಯ ಮೇಲ್ಮೈಗೆ ಲಂಬವಾದ ಗೆರೆ ಚಲನೆಯ ದಿಕ್ಕಿನಿಂದ ಎಷ್ಟು ವಾಲಿದೆಯೋ ಅದು ಘರ್ಷಣಾ ಕೋನಕ್ಕಿಂತ ಹೆಚ್ಚಿದ್ದರೆ ಮಾತ್ರ ಹಿಮ ಜಾರುತ್ತದೆ. ಒರಟು ಮರಕ್ಕೆ ಒದ್ದೆ ಹಿಮ ಅಂಟುವಾಗ ಗುಣಾಂಕ 0.5 ಎಂದುಕೊಂಡರೆ ಘರ್ಷಣಾ ಕೋನ ಸುಮಾರು 27 ಡಿಗ್ರಿ. ಹಲಗೆಯನ್ನು ಚಲನೆಯ ದಿಕ್ಕಿಗೆ 30 ಡಿಗ್ರಿಯಲ್ಲಿ ಇಟ್ಟರೆ ಲಂಬ ಗೆರೆ 60 ಡಿಗ್ರಿ ವಾಲುತ್ತದೆ. ಬೇಕಾದ್ದಕ್ಕಿಂತ ಸಾಕಷ್ಟು ಹೆಚ್ಚು.

ಹಾಗಾದರೆ ಇನ್ನೂ ಚೂಪಾಗಿ 15 ಡಿಗ್ರಿ ಮಾಡಿದರೆ? ಅರ್ಧ ಮೀಟರ್ ಅಗಲವನ್ನು ಸೈನ್ 15°ಯಿಂದ ಭಾಗಿಸಿ. ಪ್ರತಿ ಹಲಗೆ 1.93 ಮೀಟರ್ ಉದ್ದವಾಗುತ್ತದೆ. ಭಾರ ಹೆಚ್ಚು, ತಿರುವಿನಲ್ಲಿ ತಿರುಗುವುದಿಲ್ಲ. 30 ಡಿಗ್ರಿಗೆ ಸೈನ್ ಅರ್ಧ, ಆದ್ದರಿಂದ ಹಲಗೆ ಸರಿಯಾಗಿ 1 ಮೀಟರ್. ತ್ರಿಕೋನಮಿತಿಯ ಕೋಷ್ಟಕ ಇಲ್ಲಿ ಬಡಗಿಯ ಅಳತೆಕೋಲಾಗುತ್ತದೆ.

ಎರಡು ಹಲಗೆ ಏಕೆ ಎಂಬುದಕ್ಕೂ ಕಾರಣವಿದೆ. ಒಂದೇ ಓರೆ ಹಲಗೆಯಾದರೆ ಹಿಮ ಎಡಕ್ಕೆ ಹೋಗುವಾಗ ಮೂರನೆಯ ನಿಯಮದಂತೆ ನೇಗಿಲನ್ನು ಬಲಕ್ಕೆ ತಳ್ಳುತ್ತದೆ. ಎರಡೂ ಬದಿ ಸಮನಾಗಿದ್ದರೆ ಈ ಅಡ್ಡ ಘಟಕಗಳು ಪರಸ್ಪರ ಕಳೆದುಹೋಗಿ ನೇಗಿಲು ನೇರ ಸಾಗುತ್ತದೆ.

ಕಟ್ಟುವ ಕ್ರಮ

1. 12 ಮಿಲಿಮೀಟರ್ ದಪ್ಪದ, ನೀರು ತಡೆಯುವ ಪ್ಲೈವುಡ್ಡಿನಲ್ಲಿ 1 ಮೀಟರ್ ಉದ್ದ, 30 ಸೆಂಟಿಮೀಟರ್ ಎತ್ತರದ ಎರಡು ಹಲಗೆ ಕತ್ತರಿಸಿ. ಎರಡೂ ಸೇರಿ ಐದು ಕೆ.ಜಿ.ಯೊಳಗೆ ಬರುತ್ತದೆ.

2. ಮುಂತುದಿಗಳನ್ನು ಗಟ್ಟಿ ಕೀಲುಗಳಿಂದ ಕೂಡಿಸಿ. ಹಿಂತುದಿಗಳ ನಡುವೆ 1 ಮೀಟರ್ ಅಂತರ ಬರುವಂತೆ ಅಡ್ಡಪಟ್ಟಿ ಬಿಗಿಯಿರಿ. ಹಲಗೆ, ಹಲಗೆ, ಅಂತರ ಮೂರೂ 1 ಮೀಟರ್ ಆದ್ದರಿಂದ ಅದು ಸಮಬಾಹು ತ್ರಿಕೋನ. ಒಳಕೋನ 60, ಅದರ ಅರ್ಧ 30. ಕೋನಮಾಪಕವೇ ಬೇಡ.

3. ನಡುವೆ ಇನ್ನೊಂದು ಅಡ್ಡಪಟ್ಟಿ ಹಾಕಿ ಅದರ ಮೇಲೆ ಮರಳು ಚೀಲ ಇಡಲು ಜಾಗ ಮಾಡಿ. ಒಣ ಹಿಮಕ್ಕೆ ಚೀಲ ಸಣ್ಣದು, ಒತ್ತಿದ ಹಿಮಕ್ಕೆ ದೊಡ್ಡದು. ನೇಗಿಲಿನ ತೂಕ ಹೀಗೆ ಬದಲಾಗುವಂತಿದ್ದರೆ ಅನಾವಶ್ಯಕ ಘರ್ಷಣೆ ಉಳಿಯುತ್ತದೆ.

4. ಕೆಳ ಅಂಚಿಗೆ ಹಳೆಯ ಪ್ಲಾಸ್ಟಿಕ್ ಡ್ರಮ್ಮಿನಿಂದ ಕತ್ತರಿಸಿದ ಪಟ್ಟಿ ಹೊಡೆಯಿರಿ. ಸವೆದರೆ ಪಟ್ಟಿ ಬದಲಿಸಿದರಾಯಿತು, ಹಲಗೆ ಉಳಿಯುತ್ತದೆ. ಡಾಂಬರು ದಾರಿಯ ಬಿರುಕಿಗೆ ಸಿಕ್ಕಿಕೊಳ್ಳದಂತೆ ಮೂತಿಯ ಅಡಿಯಲ್ಲಿ ಸಣ್ಣ ಜಾರುಪಟ್ಟಿ ಇರಲಿ.

5. ಹೊರಮೈಗೆ ಬಣ್ಣ ಬಳಿದು, ಒಣಗಿದ ಮೇಲೆ ಮೇಣದ ಬತ್ತಿ ಉಜ್ಜಿ. ನುಣುಪಾದಷ್ಟೂ ಹಿಮ ಅಂಟುವುದು ಕಡಿಮೆ.

6. ಎಳೆಯುವ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಅದಕ್ಕೆ ಹಗ್ಗ ಸೇರಿಸಿ. ನಡುವೆ ಒಂದು ತುಂಡು ಹಳೆಯ ಸೈಕಲ್ ಟ್ಯೂಬ್ ಇರಲಿ.

ಟ್ಯೂಬ್ ಏಕೆ? ನೇಗಿಲಿನ ಮೂತಿ ಉಬ್ಬಿದ ಕಲ್ಲಿಗೆ ತಾಗಿ ತಟ್ಟನೆ ನಿಂತಿತು ಎನ್ನಿ. 60 ಕೆ.ಜಿ.ಯ ನೀವು ಸೆಕೆಂಡಿಗೆ 1 ಮೀಟರಿನಂತೆ ಹೋಗುತ್ತಿದ್ದೀರಿ. ಬಿರುಸು ಹಗ್ಗ 0.1 ಸೆಕೆಂಡಿನಲ್ಲಿ ನಿಮ್ಮನ್ನು ನಿಲ್ಲಿಸಿದರೆ ಸೊಂಟಕ್ಕೆ ಬೀಳುವ ಬಲ 600 ನ್ಯೂಟನ್. ಟ್ಯೂಬ್ ಹಿಗ್ಗಿ 0.6 ಸೆಕೆಂಡ್ ತೆಗೆದುಕೊಂಡರೆ 100 ನ್ಯೂಟನ್. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಅದೇ ಪಾಠ.

ರೋಲರ್ ಪ್ರಶ್ನೆ ಇಲ್ಲಿ ತಿರುಗಿ ನಿಲ್ಲುತ್ತದೆ

‘ರೋಲರನ್ನು ತಳ್ಳುವುದಕ್ಕಿಂತ ಎಳೆಯುವುದು ಸುಲಭ, ಏಕೆ?’ ಎಂಬ ಪ್ರಶ್ನೆಗೆ ನೀವೆಲ್ಲ ಉತ್ತರ ಬರೆದಿದ್ದೀರಿ. ಎಳೆಯುವಾಗ ಬಲದ ಲಂಬ ಘಟಕ ಮೇಲಕ್ಕಿರುವುದರಿಂದ ನೆಲದ ಪ್ರತಿಕ್ರಿಯೆ ಕಡಿಮೆಯಾಗಿ ಘರ್ಷಣೆಯೂ ಕಡಿಮೆಯಾಗುತ್ತದೆ. ನೇಗಿಲಿಗೂ ಇದು ನಿಜ. ಹಗ್ಗ ನೆಲಕ್ಕೆ 20 ಡಿಗ್ರಿಯಲ್ಲಿದ್ದು ಎಳೆತ 80 ನ್ಯೂಟನ್ ಇದ್ದರೆ ಮೇಲ್ಮುಖ ಘಟಕ ಸುಮಾರು 27 ನ್ಯೂಟನ್. ಘರ್ಷಣೆ ಕಡಿಮೆಯಾಯಿತು ಎಂದು ಅಂಕ ಕೊಡಬಹುದು. ಆದರೆ ಈ ಸಾಧನದಲ್ಲಿ ಎಳೆತ ಬೀಳುವುದು ಮೂತಿಗೆ. ಮೂತಿ ಮೇಲೆದ್ದರೆ ನೇಗಿಲು ಹಿಮವನ್ನು ಸೀಳದೆ ಅದರ ಮೇಲೆ ಹತ್ತಿ ಜಾರುತ್ತದೆ. ಘರ್ಷಣೆ ಉಳಿಯಿತು, ಕೆಲಸವೇ ಕೆಟ್ಟಿತು.

ಆದ್ದರಿಂದ ಹಗ್ಗವನ್ನು ಮೂತಿಯ ಕೆಳಭಾಗಕ್ಕೆ ಕಟ್ಟಬೇಕು, ಹಗ್ಗ ಉದ್ದವಿರಬೇಕು, ಮರಳು ಚೀಲ ಮುಂದಕ್ಕಿರಬೇಕು. ಪಠ್ಯದ ಉತ್ತರ ತಪ್ಪಲ್ಲ. ಪಠ್ಯದ ಪ್ರಶ್ನೆಯಲ್ಲಿ ಕೇಳಿದ್ದು ಸುಲಭವೇ ಎಂದು ಮಾತ್ರ. ಸಾಧನ ಮಾಡುವವರು ಕೇಳಬೇಕಾದದ್ದು, ಸುಲಭವಾದ ಮೇಲೂ ಕೆಲಸ ಆಗುತ್ತದೆಯೇ ಎಂದು.

ಯಾವಾಗ ತೆಗೆಯಬೇಕು, ಎಲ್ಲಿ ತೆಗೆಯಬಾರದು

ಹಿಮ ಸುಮ್ಮನೆ ಕುಳಿತಿರುವುದಿಲ್ಲ. ಅದರ ಕಣಗಳು ಒಂದಕ್ಕೊಂದು ತಾಗಿದ ಕಡೆ ನಿಧಾನವಾಗಿ ಬೆಸೆದುಕೊಳ್ಳುತ್ತವೆ. ಜನ ತುಳಿದರೆ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಮನುಷ್ಯನ ನೇಗಿಲಿಗೆ ಅದು ಬಗ್ಗುವುದಿಲ್ಲ. ಎಂಜಿನ್ ಇರುವವನು ತಡಮಾಡಬಹುದು, 75 ವ್ಯಾಟಿನವನು ತಡಮಾಡುವಂತಿಲ್ಲ.

ಕಾಡಿನೊಳಗಿನ ಮಣ್ಣಿನ ಸೈಕಲ್ ಜಾಡುಗಳ ಕಥೆ ಬೇರೆ. ಅಲ್ಲಿ ಕೆರೆದರೆ ಬೇರು, ಕಲ್ಲು ಮೇಲೇಳುತ್ತವೆ, ಮಣ್ಣು ಕಿತ್ತುಹೋಗುತ್ತದೆ. ಉತ್ತರ ಅಮೆರಿಕದ ಸೈಕಲ್ ಸವಾರರು ಅಂಥ ಕಡೆ ಹಿಮವನ್ನು ತೆಗೆಯದೆ ಒತ್ತುತ್ತಾರೆ. ಅಗಲ ಹಿಮಪಾದುಕೆ ತೊಟ್ಟು ಹಳೆಯ ಟೈರು ಅಥವಾ ಭಾರ ಹೇರಿದ ಹಲಗೆಯನ್ನು ಎಳೆದು, ರಾತ್ರಿಯಿಡೀ ಬೆಸೆಯಲು ಬಿಟ್ಟು, ಮರುದಿನ ದಪ್ಪ ಟೈರಿನ ಸೈಕಲ್ ಓಡಿಸುತ್ತಾರೆ. ಡಾಂಬರು ದಾರಿಯಲ್ಲಿ ನಮಗೆ ವೈರಿಯಾದ ಬೆಸುಗೆ ಇಲ್ಲಿ ಸ್ನೇಹಿತ. ಸವಾರ ಮತ್ತು ಸೈಕಲ್ ಸೇರಿ 95 ಕೆ.ಜಿ. ಇದ್ದು ಟೈರಿನ ಒತ್ತಡ 50 ಕಿಲೋಪಾಸ್ಕಲ್ ಇದ್ದರೆ, ನೆಲಕ್ಕೆ ತಾಗುವ ಜಾಗ ಸುಮಾರು 186 ಚದರ ಸೆಂಟಿಮೀಟರ್. 550 ಕಿಲೋಪಾಸ್ಕಲ್ ಒತ್ತಡದ ತೆಳು ಟೈರಿಗೆ 17 ಮಾತ್ರ. ದಪ್ಪ ಟೈರು ಹೂತುಹೋಗದಿರುವುದಕ್ಕೆ ಕಾರಣ ಇಷ್ಟೇ.

ಕೊನೆಯದಾಗಿ ಒಂದು ಮರ್ಯಾದೆಯ ಮಾತು. ಸರಿಸಿದ ಹಿಮವನ್ನು ಯಾರದೋ ಮನೆ ಬಾಗಿಲಿಗೆ, ಗಾಲಿಕುರ್ಚಿ ಇಳಿಯುವ ಇಳಿಜಾರಿಗೆ, ಬಸ್ ನಿಲ್ಲುವ ಜಾಗಕ್ಕೆ ತಳ್ಳಬಾರದು. ಒಬ್ಬರ ದಾರಿಯ ತೊಂದರೆಯನ್ನು ಇನ್ನೊಬ್ಬರ ದಾರಿಗೆ ಹಾಕಿದರೆ ಅದು ಸದಕಾ ಆಗುವುದಿಲ್ಲ. ಆ ದಾರಿ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿಯನ್ನೂ ಮೊದಲೇ ಕೇಳಬೇಕು.

ನಿಮಗೊಂದು ಪ್ರಯೋಗ

ಹಿಮ ಇಲ್ಲದಿದ್ದರೂ ಕೋನದ ಪಾಠವನ್ನು ನಮ್ಮ ಪ್ರಯೋಗಾಲಯದಲ್ಲೇ ಮಾಡಬಹುದು. ದಪ್ಪ ರಟ್ಟಿನಿಂದ 20 ಸೆಂಟಿಮೀಟರ್ ಅಗಲದ ಮೂರು ಪುಟ್ಟ ನೇಗಿಲು ಮಾಡಿ: ಹಲಗೆಯ ಓರೆ 15, 30 ಮತ್ತು 45 ಡಿಗ್ರಿ. ಮೂರಕ್ಕೂ ಒಟ್ಟು ತೂಕ ಒಂದೇ ಆಗುವಂತೆ ಒಳಗೆ ಭಾರ ಇಡಿ. ಮೇಜಿನ ಮೇಲೆ 1 ಸೆಂಟಿಮೀಟರ್ ದಪ್ಪಕ್ಕೆ ಒಣ ಮರಳು ಹರಡಿ, ಸ್ಪ್ರಿಂಗ್ ತಕ್ಕಡಿಯಿಂದ ಸಮವೇಗದಲ್ಲಿ ಎಳೆದು ಬಲ ಓದಿ. ಆಮೇಲೆ ಮರಳಿಗೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ಎಳೆಯಿರಿ. ಇಬ್ಬಿಬ್ಬರ ತಂಡವಾಗಿ ಮಾಡಿ, ಪ್ರತಿ ಅಳತೆಯನ್ನೂ ಐದು ಸಲ ತೆಗೆದು ಸರಾಸರಿ ಬರೆಯಿರಿ.

ಜೊತೆಗೆ ಈ ಮೂರು ಲೆಕ್ಕಗಳನ್ನು ಬಿಡಿಸಿ ನನಗೆ ತೋರಿಸಿ:

ಒಂದು, ಒಣ ಹಿಮದ ಉದಾಹರಣೆಯಲ್ಲಿ ವೇಗವನ್ನು ಸೆಕೆಂಡಿಗೆ 2 ಮೀಟರ್ ಮಾಡಿದರೆ ಬಲ ಎಷ್ಟು, ಸಾಮರ್ಥ್ಯ ಎಷ್ಟು?

ಎರಡು, ನೇಗಿಲಿನ ತೂಕವನ್ನು 15ರಿಂದ 8 ಕೆ.ಜಿ.ಗೆ ಇಳಿಸಿದರೆ 75 ವ್ಯಾಟಿನಲ್ಲಿ, ಅದೇ 1 ಮೀಟರ್ ವೇಗದಲ್ಲಿ, ಎಷ್ಟು ಆಳದ ಒಣ ಹಿಮವನ್ನು ಸರಿಸಬಹುದು?

ಮೂರು, ನೂರರಲ್ಲಿ ಐದು ಏರು ಇರುವ ದಾರಿಯಲ್ಲಿ 60 ಕೆ.ಜಿ.ಯ ವ್ಯಕ್ತಿ 15 ಕೆ.ಜಿ.ಯ ನೇಗಿಲನ್ನು ಎಳೆಯುವಾಗ ಗುರುತ್ವಕ್ಕೆ ಎದುರಾಗಿ ಎಷ್ಟು ಹೆಚ್ಚಿನ ಸಾಮರ್ಥ್ಯ ಬೇಕು? ಏರಿನಲ್ಲಿ ನೇಗಿಲು ಎಳೆಯುವವರು ಏಕೆ ಮೇಲಿನಿಂದ ಕೆಳಕ್ಕೆ ಬರುತ್ತಾರೆ ಎಂಬುದಕ್ಕೆ ನಿಮ್ಮ ಉತ್ತರದಲ್ಲೇ ಕಾರಣ ಸಿಗುತ್ತದೆ.